ನಲವತ್ತು ದಾಟಿದ ಮೇಲೆ ದೇಹ ಕೊಡುವ ನೋಟಿಸ್

ತಾಳವಾಡಿ ಬೆಟ್ಟ ಪ್ರದೇಶ ಇರುವುದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಆದರೆ ಅಲ್ಲಿ ಹೆಚ್ಚಿನವರ ಮನೆಮಾತು ಕನ್ನಡ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಅಲ್ಲೇ. ಸತ್ಯಮಂಗಲ ಕಾಡಿನಂಚಿನ ರೈತರಿಗೆ ಹಗಲು ಹೊಲದ ಕೆಲಸ, ಬೆಳೆ ಬಲಿತಾಗ ರಾತ್ರಿ ಆನೆ ಕಾವಲು. 25ರ ಪ್ರಾಯದಲ್ಲಿ ಇದೆಲ್ಲ ಸಲೀಸು. 45ರಲ್ಲಿ ಅದೇ ಕೆಲಸ ಭಾರ ಅನ್ನಿಸುತ್ತದೆ. ಯಾಕೆ?

ಸುಮಾರು 40ರಿಂದ 65ರವರೆಗಿನದ್ದು ಮಧ್ಯವಯಸ್ಸು. ಸ್ನಾಯುಬಲ 30 ದಾಟಿದ ಮೇಲೆಯೇ ನಿಧಾನಕ್ಕೆ ಇಳಿಯತೊಡಗುತ್ತದೆ. ಕಣ್ಣಿನ ಮಸೂರ ಗಟ್ಟಿಯಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದಕ್ಕೆ ಕನ್ನಡಕ ಸಾಕು. ಹೆಂಗಸರಿಗೆ ಸಾಮಾನ್ಯವಾಗಿ 45ರಿಂದ 55ರೊಳಗೆ ಮುಟ್ಟು ನಿಲ್ಲುತ್ತದೆ. ಆ ಹೊತ್ತಿನಲ್ಲಿ ಮೈ ಬಿಸಿಯೇರುವುದು, ನಿದ್ರೆ ಬಾರದಿರುವುದು, ಸಿಡುಕು ಎಲ್ಲ ಸಹಜ. 'ಇವಳಿಗೆ ಸಿಟ್ಟು ಜಾಸ್ತಿ ಆಯ್ತು' ಅನ್ನುವ ಮೊದಲು ಮನೆಮಂದಿ ಇದನ್ನು ತಿಳಿದಿರಬೇಕು. ಮುಟ್ಟು ನಿಂತು ಒಂದು ವರ್ಷದ ನಂತರ ಮತ್ತೆ ರಕ್ತ ಕಂಡರೆ ಮಾತ್ರ ವೈದ್ಯರಿಗೆ ತೋರಿಸಲೇಬೇಕು.

ಸದ್ದಿಲ್ಲದೆ ಬರುವುದು ಬಿಪಿ ಮತ್ತು ಶುಗರ್. ಬಿಪಿ 140/90, ಖಾಲಿ ಹೊಟ್ಟೆಯ ಶುಗರ್ 126, ಇದಕ್ಕಿಂತ ಹೆಚ್ಚು ಮತ್ತೆ ಮತ್ತೆ ಬಂದರೆ ಚಿಕಿತ್ಸೆ ಬೇಕು. ನಿದ್ದೆಗೆಡುವುದರಿಂದ ಎರಡೂ ಏರುವ ಅಪಾಯ ಇದೆ, ಅದು ಆನೆ ಕಾವಲಿರಲಿ, ತಡರಾತ್ರಿಯ ವ್ಯಾಪಾರವಿರಲಿ.

ಇನ್ನು ಮನಸ್ಸು. ಹೊಸತು ಕಲಿಯುವ ವೇಗ ತುಸು ತಗ್ಗಿದರೂ ಅನುಭವದ ತಿಳಿವಳಿಕೆ ಈ ವಯಸ್ಸಿನಲ್ಲಿ ಗಟ್ಟಿಯಾಗಿರುತ್ತದೆ. ಮುಂದಿನ ತಲೆಮಾರಿಗೆ ಏನು ಕೊಟ್ಟೆ ಎಂಬುದೇ ಈ ಪ್ರಾಯದ ದೊಡ್ಡ ಪ್ರಶ್ನೆ ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್‌ಸನ್ 1950ರಲ್ಲೇ ವಿವರಿಸಿದ್ದರು. ಆದರೆ ಕೊಡುವ ಹೊತ್ತಿಗೆ ಮಕ್ಕಳು ಓದಿಗೋ ಕೆಲಸಕ್ಕೋ ಬೆಟ್ಟ ಇಳಿದಿರುತ್ತಾರೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ. ಎರಡೂ ಕಡೆಯ ಖರ್ಚು ಒಬ್ಬರ ಹೆಗಲಿಗೆ. ಮಕ್ಕಳು ಗಲ್ಫ್‌ಗೆ ಹೋದ ಕರಾವಳಿಯ ಮನೆಗಳಲ್ಲೂ ಇದೇ ಸ್ಥಿತಿ. ಗಂಡಸರಂತೂ ಬೇಸರವನ್ನು ಬಾಯಿಬಿಟ್ಟು ಹೇಳುವುದು ಕಮ್ಮಿ. ಅಂಥವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಉಚಿತ, ದಿನದ 24 ಗಂಟೆಯೂ ಸಿಗುತ್ತದೆ.

ತಾಳವಾಡಿ ಕಡೆಯವರು ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು. ನಡುರಾತ್ರಿ ಪಾರ್ಶ್ವವಾಯು ಹೊಡೆದರೆ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಹಾಗಾಗಿ ಹಗಲಲ್ಲಿ, ಆರಾಮ ಇರುವಾಗಲೇ ತಪಾಸಣೆ ಮಾಡಿಸುವುದು ಜಾಣತನ. ತಮಿಳುನಾಡು ಸರಕಾರ 2021ರ ಆಗಸ್ಟ್‌ನಲ್ಲಿ ಆರಂಭಿಸಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತರು ಮನೆಗೇ ಬಂದು ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಾರೆ. ತಮಿಳಿನಲ್ಲಿ ಮಕ್ಕಳ್ ಅಂದರೆ ಜನ.

ಊರು ಬಿಟ್ಟು ದುಡಿಯುವ ಯುವಕರು ಹಣ ಕಳಿಸಿದ್ದನ್ನು ಫೋನಲ್ಲಿ ಹೇಳುವಾಗ ಇದನ್ನೂ ಕೇಳಲಿ: 'ಬಿಪಿ ಕೊನೆಯದಾಗಿ ನೋಡಿಸಿದ್ದು ಯಾವಾಗ?' ಉತ್ತರ ಬಾರದಿದ್ದರೆ ಮುಂದಿನ ರಜೆಯ ಮೊದಲ ಕೆಲಸ ಅದೇ ಆಗಲಿ.