ಬೆರಳಚ್ಚಿನ ತೂಕ

ಒಬ್ಬನ ಬೆರಳಿನ ಗೆರೆಗಳು ಇನ್ನೊಬ್ಬನಲ್ಲಿ ಕಾಣಸಿಗವೆಂಬ ನಂಬಿಕೆಗೆ ಗಣಿತದ ಆಧಾರವನ್ನು ಒದಗಿಸಲೆಳಸಿದವನು, 1892ರಲ್ಲಿ ಈ ವಿಷಯವಾಗಿ ಗ್ರಂಥವನ್ನೇ ರಚಿಸಿದ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. ಎರಡು ಬೆರಳುಗಳ ಅಚ್ಚು ಒಂದೇ ಆಗಿರುವ ಸಂಭವವು 6,400 ಕೋಟಿಯಲ್ಲಿ ಒಂದು ಮಾತ್ರವೆಂದು ಅವನು ಗಣಿಸಿದನು. ಆದರೆ ಅವನು ಎಣಿಕೆಗೆ ತೆಗೆದುಕೊಂಡುದು ಪೂರ್ಣವಾದ ಅಚ್ಚನ್ನು. ಅಪರಾಧಸ್ಥಳದಲ್ಲಿ ದೊರೆಯುವುದಾದರೋ ಹಲವು ವೇಳೆ ಅಳಿಸಿದ, ತುಣುಕಾದ ಗುರುತು.

ಈ ಭೇದದ ಮಹತ್ತ್ವವು 2004ರಲ್ಲಿ ಪ್ರಕಟವಾಯಿತು. ಮ್ಯಾಡ್ರಿಡ್ ನಗರದ ರೈಲುಗಳಲ್ಲಿ ಬಾಂಬುಗಳು ಸ್ಫೋಟಿಸಿದ ತರುವಾಯ, ತನಿಖೆಯಲ್ಲಿ ದೊರೆತ ಚೀಲವೊಂದರ ಮೇಲಿನ ಅಚ್ಚು ಆರಿಗನ್ ಪ್ರಾಂತದ ವಕೀಲನೊಬ್ಬನದೆಂದು ಅಮೆರಿಕದ ಎಫ್‌ಬಿಐ ನಿಸ್ಸಂಶಯವಾಗಿ ಸಾರಿದುದರಿಂದ, ಆ ನಿರಪರಾಧಿಯು ಸುಮಾರು ಎರಡು ವಾರ ಬಂಧನದಲ್ಲಿರಬೇಕಾಯಿತು. ಅಚ್ಚು ಆಲ್ಜೀರಿಯದವನೊಬ್ಬನದೆಂದು ಸ್ಪೇನಿನ ಪೊಲೀಸರು ಬಳಿಕ ತೋರಿಸಿಕೊಟ್ಟರು. ಹೋಲಿಸಿ ನೋಡಲು ಕೂಡಿಟ್ಟ ಅಚ್ಚುಗಳ ಭಂಡಾರವು ಬೆಳೆದಂತೆ, ಆಕಸ್ಮಿಕವಾಗಿ ಹೋಲುವ ಅಚ್ಚು ಸಿಕ್ಕುವ ಸಂಭವವೂ ಬೆಳೆಯುವುದಷ್ಟೆ.

ಆದುದರಿಂದ ಸಂಖ್ಯಾಶಾಸ್ತ್ರಜ್ಞರು ಎರಡು ಪ್ರಶ್ನೆಗಳನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಡುತ್ತಾರೆ: ಗುರುತು ಆರೋಪಿಯದೇ ಆಗಿದ್ದರೆ ಇಷ್ಟು ಸಾಮ್ಯವು ಕಾಣುವ ಸಂಭವವೆಷ್ಟು, ಅನ್ಯನದಾಗಿದ್ದರೆ ಎಷ್ಟು? ಮೊದಲನೆಯದು ಎರಡನೆಯದರ ಸಾವಿರ ಪಟ್ಟಾಗಿದ್ದರೆ ಸಾಕ್ಷ್ಯದ ತೂಕವು ಸಾವಿರ. ಎಂದರೆ ಇತರ ಸಾಕ್ಷ್ಯಗಳಿಂದ ಮೊದಲೇ ಹುಟ್ಟಿದ್ದ ಅನುಮಾನದ ಪ್ರಮಾಣವನ್ನು ಅದು ಸಾವಿರ ಮಡಿ ಹೆಚ್ಚಿಸುವುದೇ ಹೊರತು, ತಾನೊಂದೇ ಅಪರಾಧವನ್ನು ಸ್ಥಾಪಿಸಲಾರದು. ಇದಲ್ಲದೆ ತಜ್ಞರೂ ತಪ್ಪುವುದುಂಟು: 2011ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 169 ಮಂದಿ ತಜ್ಞರು ಬೇರೆ ಬೇರೆ ಬೆರಳಿನ ಅಚ್ಚುಗಳನ್ನು ಒಂದೇ ಎಂದು ತಪ್ಪಾಗಿ ನಿರ್ಣಯಿಸಿದುದು ಸಾವಿರಕ್ಕೆ ಸುಮಾರು ಒಂದರಂತೆ. ಅಲ್ಪವಾದರೂ ಅದು ಸೊನ್ನೆಯಲ್ಲ; ನ್ಯಾಯಾಧೀಶನು ಕೇಳಬೇಕಾದುದು ಖಚಿತವಾಣಿಯನ್ನಲ್ಲ, ತೂಕವನ್ನು.