ವಾಲ್ವ್ ಬದಲಿಸಿದರೆ ಹಾಡು ಇಂಪಾಗುತ್ತದೆಯೇ? ಟ್ಯೂಬ್ ಆಂಪ್ಲಿಫೈಯರ್ ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳೆಷ್ಟು?

"ಟ್ಯೂಬ್ ಆಂಪ್ಲಿಫೈಯರ್ ಮುಂದೆ ಈಗಿನ ಸೌಂಡ್ ಸಿಸ್ಟಂ ಏನೇನೂ ಅಲ್ಲ." "ಹಳೇ ಜರ್ಮನ್ ವಾಲ್ವ್ ಹಾಕಿ ನೋಡಿ, ಗಾಯಕರು ಎದುರಿಗೇ ಕೂತು ಹಾಡಿದ ಹಾಗಿರುತ್ತೆ." "ಮೆಕ್ಯಾನಿಕ್ ಬೇಡ, ಒಂದು ಸ್ಕ್ರೂಡ್ರೈವರ್ ಇದ್ದರೆ ಬಯಾಸ್ ನೀವೇ ಸೆಟ್ ಮಾಡಬಹುದು." ಕಿತ್ತಳೆ ಬಣ್ಣದಲ್ಲಿ ಮಿನುಗುವ ಗಾಜಿನ ವಾಲ್ವ್‌ಗಳ ವಿಡಿಯೋ ಜೊತೆಗೆ ಇಂಥ ಮಾತುಗಳು ನಿಮ್ಮ ಫೋನಿಗೂ ಬಂದಿರಬಹುದು.

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಸ್ಕ್ರೂಡ್ರೈವರ್ ಸಲಹೆಯಂತೂ ಜೀವಕ್ಕೇ ಅಪಾಯ. ಒಂದೊಂದಾಗಿ ನೋಡೋಣ ಬನ್ನಿ.

ವಾಲ್ವ್ ಅಂದರೆ ಏನು?

ಟ್ಯೂಬ್, ವಾಲ್ವ್ ಎರಡೂ ಒಂದೇ. ಗಾಳಿ ತೆಗೆದ ಗಾಜಿನ ಕೊಳವೆಯೊಳಗೆ ಒಂದು ಸಣ್ಣ ಹೀಟರ್ ಇರುತ್ತದೆ. ಅದರ ಬಿಸಿಗೆ ಕ್ಯಾಥೋಡ್ ಎಂಬ ಲೋಹದ ಭಾಗದಿಂದ ಎಲೆಕ್ಟ್ರಾನ್‌ಗಳು ಹೊರಬಂದು, ಎದುರಿನ ಆನೋಡ್ ಕಡೆಗೆ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ ಇದೆ. ನಲ್ಲಿಯನ್ನು ಸ್ವಲ್ಪವೇ ತಿರುಗಿಸಿದರೂ ನೀರಿನ ಹರಿವು ಬಹಳ ಬದಲಾಗುವಂತೆ, ಗ್ರಿಡ್‌ಗೆ ಕೊಡುವ ಸಣ್ಣ ಸಿಗ್ನಲ್ ಈ ದೊಡ್ಡ ಹರಿವನ್ನು ಹಿಡಿತದಲ್ಲಿಡುತ್ತದೆ. ಹೀಗೆ ಸಣ್ಣ ಸಿಗ್ನಲ್ ದೊಡ್ಡದಾಗುತ್ತದೆ.

1947ರಲ್ಲಿ ಟ್ರಾನ್ಸಿಸ್ಟರ್ ಬರುವವರೆಗೂ ರೇಡಿಯೋ, ಟೆಲಿಫೋನ್, ಸಿನಿಮಾ ಧ್ವನಿ ಎಲ್ಲವೂ ವಾಲ್ವ್ ಮೇಲೆಯೇ ನಿಂತಿದ್ದವು. ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯೂ 1961ರಲ್ಲಿ ರೇಡಿಯೋ ವಾಲ್ವ್‌ಗಳ ತಯಾರಿಕೆ ಆರಂಭಿಸಿತ್ತು. ಇಂದು ಹೊಸ ವಾಲ್ವ್‌ಗಳು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ ಮತ್ತು ಚೀನಾದಿಂದ ಬರುತ್ತವೆ.

ಆ 'ಬೆಚ್ಚನೆಯ ದನಿ' ಎಲ್ಲಿಂದ ಬರುತ್ತದೆ?

ವಾಲ್ವ್ ಆಂಪ್ಲಿಫೈಯರ್ ಬೇರೆ ರೀತಿ ಕೇಳಿಸುವುದು ಬರೀ ಭ್ರಮೆಯಲ್ಲ. ಅದಕ್ಕೆ ಅಳೆಯಬಹುದಾದ ಮೂರು ಕಾರಣಗಳಿವೆ.

ಮೊದಲನೆಯದು, ಹಾರ್ಮೋನಿಕ್. ಆಂಪ್ಲಿಫೈಯರ್‌ಗೆ ಒಂದು ಶುದ್ಧ ಸ್ವರ ಕೊಟ್ಟರೆ, ಅದು ಆ ಸ್ವರದ ಜೊತೆಗೆ ಎರಡು ಪಟ್ಟು, ಮೂರು ಪಟ್ಟು ಕಂಪನದ ಸ್ವರಗಳನ್ನೂ ಅಲ್ಪಸ್ವಲ್ಪ ಸೇರಿಸುತ್ತದೆ. ಎರಡು ಪಟ್ಟು ಅಂದರೆ ಅದೇ ಸ್ವರದ ಮೇಲಿನ ಸ್ಥಾಯಿ. ನೀವು ಷಡ್ಜ ಕೊಟ್ಟರೆ ಮೇಲಿನ ಷಡ್ಜವೂ ತುಸು ಸೇರುತ್ತದೆ. ಮೂಲ ಸ್ವರದೊಂದಿಗೆ ಅದು ಬೆರೆತುಹೋಗುವುದರಿಂದ ಕಿವಿಗೆ ಕಿರಿಕಿರಿ ಎನಿಸುವುದಿಲ್ಲ, ದನಿ ತುಂಬಿಕೊಂಡಂತೆ ಕೇಳುತ್ತದೆ. ಒಂದೇ ಪವರ್ ವಾಲ್ವ್ ಬಳಸುವ 'ಸಿಂಗಲ್ ಎಂಡೆಡ್' ವಿನ್ಯಾಸದಲ್ಲಿ ಇದು ಹೆಚ್ಚು. ಜೋಡಿ ವಾಲ್ವ್‌ಗಳ 'ಪುಶ್-ಪುಲ್' ವಿನ್ಯಾಸದಲ್ಲಿ ಈ ಎರಡು ಪಟ್ಟಿನ ಸ್ವರ ಬಹುಪಾಲು ತಾನಾಗಿಯೇ ರದ್ದಾಗುತ್ತದೆ.

ಎರಡನೆಯದು, ಮಿತಿ ಮೀರಿದಾಗಿನ ನಡವಳಿಕೆ. ವಾಲ್ಯೂಮ್ ವಿಪರೀತ ಏರಿಸಿದಾಗ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಅಲೆಯ ತುದಿಯನ್ನು ಕತ್ತರಿಯಿಂದ ಕತ್ತರಿಸಿದಂತೆ ಕತ್ತರಿಸುತ್ತದೆ. ವಾಲ್ವ್ ಸಾಮಾನ್ಯವಾಗಿ ಅದನ್ನು ಮೆಲ್ಲಗೆ ದುಂಡಾಗಿಸುತ್ತದೆ.

ಮೂರನೆಯದು, ಸ್ಪೀಕರ್ ಮೇಲಿನ ಹಿಡಿತ. ಸ್ಪೀಕರ್ ಹಿಂದೆ '8 ಓಮ್' ಎಂದು ಬರೆದಿದ್ದರೂ ಅದು ಎಲ್ಲ ಸ್ವರಗಳಿಗೂ 8 ಓಮ್ ಆಗಿರುವುದಿಲ್ಲ. ಕೆಲವು ಸ್ವರಗಳಲ್ಲಿ 6 ಇರಬಹುದು, ಕೆಲವಲ್ಲಿ 20 ದಾಟಬಹುದು. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಈ ಏರುಪೇರಿಗೆ ಅಷ್ಟಾಗಿ ಬಗ್ಗುವುದಿಲ್ಲ. ವಾಲ್ವ್ ಆಂಪ್ಲಿಫೈಯರ್ ಬಗ್ಗುತ್ತದೆ. ಹಾಗಾಗಿ ಕೆಲವು ಸ್ವರಗಳು, ಮುಖ್ಯವಾಗಿ ಬೇಸ್‌ನ ಒಂದು ಭಾಗ, ಉಬ್ಬಿದಂತೆ ಕೇಳುತ್ತದೆ.

ಅಂದರೆ 'ಬೆಚ್ಚನೆಯ ದನಿ' ಎನ್ನುವುದು ಮೂಲ ಧ್ವನಿಮುದ್ರಣಕ್ಕೆ ಸೇರಿದ ಒಂದು ಒಗ್ಗರಣೆ. ರುಚಿ ಹಿಡಿಸಿದರೆ ತಪ್ಪೇನಿಲ್ಲ. ಆದರೆ 'ಅದೇ ನಿಜವಾದ ಧ್ವನಿ' ಎನ್ನುವ ಮಾತು ಸರಿಯಲ್ಲ.

ಹೇಳಿಕೆ 1: "ದುಬಾರಿ ವಾಲ್ವ್ ಹಾಕಿದರೆ ಧ್ವನಿಯೇ ಬದಲಾಗುತ್ತದೆ"

ಅರ್ಧ ಸತ್ಯ. ಸವೆದುಹೋದ ವಾಲ್ವ್ ತೆಗೆದು ಆರೋಗ್ಯವಾಗಿರುವ ವಾಲ್ವ್ ಹಾಕಿದರೆ ವ್ಯತ್ಯಾಸ ಖಂಡಿತ ತಿಳಿಯುತ್ತದೆ. ಗರಗರ ಸದ್ದು ಮಾಡುವ, ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಸ್ಪೀಕರ್‌ನಲ್ಲಿ ಟಣ್ ಎನ್ನುವ ವಾಲ್ವ್ ಬದಲಿಸುವುದೂ ಒಳ್ಳೆಯದೇ.

ಬೇರೆ ಮಾದರಿಯ ವಾಲ್ವ್ ಹಾಕಿದರೂ ವ್ಯತ್ಯಾಸ ಬರುತ್ತದೆ. 12ಎಎಕ್ಸ್7 ವಾಲ್ವ್‌ನ ವರ್ಧನಾಂಶ 100. ನೋಡಲು ಹಾಗೆಯೇ ಇರುವ, ಅದೇ ಸಾಕೆಟ್‌ನಲ್ಲಿ ಕೂರುವ 12ಎಯು7ರ ವರ್ಧನಾಂಶ ಸುಮಾರು 20 ಮಾತ್ರ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ದನಿ ತಗ್ಗುವುದು ಸಹಜ. ಸರ್ಕ್ಯೂಟ್ ಅದಕ್ಕಾಗಿ ರೂಪಿಸಿದ್ದಲ್ಲವಾದ್ದರಿಂದ ಕೆಲಸವೂ ಸರಿಯಾಗಿ ನಡೆಯದೇ ಇರಬಹುದು.

ಆದರೆ ಒಂದೇ ಮಾದರಿಯ ಎರಡು ಒಳ್ಳೆಯ ವಾಲ್ವ್‌ಗಳ ನಡುವಿನ ವ್ಯತ್ಯಾಸ ತೀರಾ ಚಿಕ್ಕದು. ಹತ್ತು ಪಟ್ಟು ಬೆಲೆ ಕೊಟ್ಟ ಮಾತ್ರಕ್ಕೆ ಹತ್ತು ಪಟ್ಟು ಇಂಪು ಬರುವುದಿಲ್ಲ. ಹಳೆಯ ಹೆಸರಾಂತ ಬ್ರ್ಯಾಂಡ್‌ಗಳ ಹೆಸರನ್ನು ಬೇರೆ ವಾಲ್ವ್ ಮೇಲೆ ಅಚ್ಚು ಹಾಕಿ ಮಾರುವ ಮೋಸವೂ ಇದೆ. ಪರೀಕ್ಷೆಯ ಅಳತೆ ತೋರಿಸದ ಮಾರಾಟಗಾರರಿಂದ ಕೊಳ್ಳಬೇಡಿ.

ಹೇಳಿಕೆ 2: "ಪ್ಲಗ್ ತೆಗೆದರೆ ಸಾಕು, ಬಯಾಸ್ ನೀವೇ ಸೆಟ್ ಮಾಡಿ"

ಇದು ಅಪಾಯಕಾರಿ ಸುಳ್ಳು. ದಯವಿಟ್ಟು ಈ ಭಾಗ ಪೂರ್ತಿ ಓದಿ.

ವಾಲ್ವ್ ಆಂಪ್ಲಿಫೈಯರ್ ಒಳಗೆ ಸಾಮಾನ್ಯವಾಗಿ 300ರಿಂದ 500 ವೋಲ್ಟ್‌ನ ಡಿಸಿ ವಿದ್ಯುತ್ ಇರುತ್ತದೆ. ನಿಮ್ಮ ಮನೆಯ ಗೋಡೆಯ ಪ್ಲಗ್‌ನಲ್ಲಿರುವುದು 230 ವೋಲ್ಟ್. ಆ ಡಿಸಿ ವಿದ್ಯುತ್ತನ್ನು ದೊಡ್ಡ ಕೆಪಾಸಿಟರ್‌ಗಳು ಹಿಡಿದಿಟ್ಟುಕೊಂಡಿರುತ್ತವೆ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತಮೇಲೂ ಅವು ಖಾಲಿಯಾಗಿರುವ ಖಾತ್ರಿ ಇಲ್ಲ. ಮುಟ್ಟಿದರೆ ಹೃದಯ ನಿಲ್ಲಬಹುದು.

ಬಯಾಸ್ ಅಂದರೆ, ಹಾಡು ನುಡಿಯದೇ ಇರುವಾಗಲೂ ಪವರ್ ವಾಲ್ವ್‌ನಲ್ಲಿ ಎಷ್ಟು ಕರೆಂಟ್ ಹರಿಯುತ್ತಿರಬೇಕು ಎಂಬ ಹೊಂದಾಣಿಕೆ. ಕಡಿಮೆಯಾದರೆ ದನಿ ಒರಟಾಗುತ್ತದೆ, ಹೆಚ್ಚಾದರೆ ವಾಲ್ವ್ ಸುಟ್ಟುಹೋಗುತ್ತದೆ. ಫಾರ್ವರ್ಡ್‌ಗಳಲ್ಲಿ ಬರುವ "ಇಎಲ್34ಗೆ ಇಷ್ಟು ಮಿಲಿಆಂಪ್ ಇಡಿ" ಎಂಬ ಒಂದೇ ಅಂಕಿ ಎಲ್ಲರಿಗೂ ಹೊಂದುವುದಿಲ್ಲ. ಲೆಕ್ಕ ನೋಡಿ: ಇಎಲ್34ರ ಆನೋಡ್ ತಡೆಯುವ ಗರಿಷ್ಠ ಶಾಖ 25 ವ್ಯಾಟ್. ಪುಶ್-ಪುಲ್ ಆಂಪ್ಲಿಫೈಯರ್‌ನಲ್ಲಿ ಇದರ ಶೇ. 70ರ ಒಳಗೆ, ಅಂದರೆ 17.5 ವ್ಯಾಟ್ ಒಳಗೆ ಇಡುವುದು ರೂಢಿ. ಆನೋಡ್‌ನಲ್ಲಿ 400 ವೋಲ್ಟ್ ಇದ್ದರೆ ಅದು ಸುಮಾರು 44 ಮಿಲಿಆಂಪ್. 450 ವೋಲ್ಟ್ ಇದ್ದರೆ ಸುಮಾರು 39. ನಿಮ್ಮ ಸೆಟ್‌ನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಫಾರ್ವರ್ಡ್ ಕಳಿಸಿದವರಿಗೆ ಹೇಗೆ ಗೊತ್ತು?

ಕೆಲವು ಆಂಪ್ಲಿಫೈಯರ್‌ಗಳಲ್ಲಿ ಹೊರಗಡೆಯೇ ಮೀಟರ್ ಮತ್ತು ತಿರುಪು ಕೊಟ್ಟಿರುತ್ತಾರೆ. ಅವನ್ನು ಕಂಪನಿಯ ಕೈಪಿಡಿ ನೋಡಿ ಹೊಂದಿಸಬಹುದು. 'ಆಟೋ ಬಯಾಸ್' ಸೆಟ್‌ಗಳಲ್ಲಿ ಹೊಂದಿಸುವ ಅಗತ್ಯವೇ ಇಲ್ಲ. ಮುಚ್ಚಳ ತೆಗೆಯಬೇಕಾದ ಸೆಟ್ ಆಗಿದ್ದರೆ ವಾಲ್ವ್ ಸೆಟ್ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಒಯ್ಯಿರಿ.

ವಾಲ್ವ್ ಒಳಗಿನ ದೊಡ್ಡ ಲೋಹದ ತಗಡು ಕೆಂಪಗೆ ಕಾದದ್ದು ಕಂಡರೆ ಕೂಡಲೇ ಆಫ್ ಮಾಡಿ. ಗಾಜಿನ ಒಳಮೈಯಲ್ಲಿ ಕಾಣುವ ತಿಳಿ ನೀಲಿ ಹೊಳಪಿಗೆ ಮಾತ್ರ ಹೆದರಬೇಕಿಲ್ಲ, ಅದು ಸಹಜ. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ಓಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು. ವಿದೇಶದಿಂದ ಸೆಟ್ ತರಿಸಿದ್ದರೆ ಪ್ಲಗ್ ಹಾಕುವ ಮುನ್ನ ಹಿಂಬದಿ ಓದಿ. ಅಮೆರಿಕದ ಸೆಟ್ 120 ವೋಲ್ಟ್‌ಗೆ, ಜಪಾನಿನದು 100 ವೋಲ್ಟ್‌ಗೆ ಮಾಡಿದ್ದಿರುತ್ತದೆ.

ಹೇಳಿಕೆ 3: "ವಾಲ್ವ್‌ನೊಳಗೆ ಕೋಟಿ ಬೆಲೆಯ ರೆಡ್ ಮರ್ಕ್ಯುರಿ ಇದೆ"

ಸುಳ್ಳು. 'ರೆಡ್ ಮರ್ಕ್ಯುರಿ' ಎಂಬ ಪವಾಡದ ವಸ್ತುವೇ ಇಲ್ಲ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಹಳೆಯ ಹೊಲಿಗೆ ಯಂತ್ರಗಳಲ್ಲಿ ಇದು ಇದೆ ಎಂಬ ವದಂತಿ ಹಬ್ಬಿ, ಗುಜರಿ ಯಂತ್ರಗಳಿಗೆ ಜನ ಅಪಾರ ಹಣ ಸುರಿದಿದ್ದರು. ವಾಲ್ವ್ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವುದು ಸಾಮಾನ್ಯವಾಗಿ ಬೇರಿಯಂ ಲೋಹದ ತೆಳು ಲೇಪ. ಒಳಗೆ ಉಳಿದ ಅನಿಲವನ್ನು ಹೀರಿಕೊಳ್ಳುವುದು ಅದರ ಕೆಲಸ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಒಳಹೊಕ್ಕಿದೆ, ವಾಲ್ವ್ ಸತ್ತಿದೆ ಎಂದರ್ಥ. ಕೆಲವು ಹಳೆಯ ರೆಕ್ಟಿಫೈಯರ್ ವಾಲ್ವ್‌ಗಳಲ್ಲಿ ಮಾಮೂಲಿ ಪಾದರಸ ಇರುತ್ತಿತ್ತು. ಅದು ವಿಷ. ಆಸೆಗೆ ಬಿದ್ದು ಯಾವ ವಾಲ್ವನ್ನೂ ಒಡೆಯಬೇಡಿ.

ಹಾಗಾದರೆ ಧ್ವನಿ ಸುಧಾರಿಸುವುದು ಹೇಗೆ?

ಮುಚ್ಚಳ ತೆಗೆಯದೆ, ಹೆಚ್ಚು ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳು ಇವು.

• ಸ್ಪೀಕರ್ ಜಾಗ ಬದಲಿಸಿ. ಗೋಡೆಗೆ ಹತ್ತಿರ ಇಟ್ಟಷ್ಟೂ ಬೇಸ್ ಹೆಚ್ಚುತ್ತದೆ, ಮೂಲೆಯಲ್ಲಿ ಇನ್ನೂ ಹೆಚ್ಚು. ಒಂದೊಂದು ಅಡಿ ಸರಿಸಿ ಕೇಳಿ ನೋಡಿ.

• ಖಾಲಿ ಕೋಣೆಯಲ್ಲಿ ದನಿ ಗೋಡೆ, ನೆಲಕ್ಕೆ ಬಡಿದು ಮರಳುತ್ತದೆ. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಇದ್ದರೆ ಪದಗಳು ಸ್ಪಷ್ಟವಾಗುತ್ತವೆ.

• ಆಂಪ್ಲಿಫೈಯರ್ ಹಿಂದೆ 4 ಓಮ್, 8 ಓಮ್ ಎಂದು ಬೇರೆ ಬೇರೆ ಸ್ಪೀಕರ್ ಟರ್ಮಿನಲ್ ಇದ್ದರೆ, ಸೆಟ್ ಆಫ್ ಮಾಡಿ ಎರಡನ್ನೂ ಪ್ರಯತ್ನಿಸಿ. 4 ಓಮ್‌ಗೆ ಹಾಕಿದಾಗ ಬೇಸ್ ಬಿಗಿಯಾದಂತೆ ಕೇಳಬಹುದು.

• ಸ್ಪೀಕರ್ ಕೊಳ್ಳುವಾಗ ಅದರ ಸೆನ್ಸಿಟಿವಿಟಿ ನೋಡಿ. 300ಬಿ ವಾಲ್ವ್‌ನ ಸಿಂಗಲ್ ಎಂಡೆಡ್ ಸೆಟ್ ಕೊಡುವುದು ಸುಮಾರು 8 ವ್ಯಾಟ್. 91 ಡೆಸಿಬಲ್ ಸ್ಪೀಕರ್‌ಗೆ 8 ವ್ಯಾಟ್ ಕೊಟ್ಟರೆ ಬರುವಷ್ಟೇ ದನಿ 85 ಡೆಸಿಬಲ್ ಸ್ಪೀಕರ್‌ನಿಂದ ಬರಲು 32 ವ್ಯಾಟ್ ಬೇಕು. ಪ್ರತಿ 3 ಡೆಸಿಬಲ್‌ಗೆ ವ್ಯಾಟ್ ದುಪ್ಪಟ್ಟಾಗುತ್ತದೆ ಎಂಬುದು ಲೆಕ್ಕ.

• ಸೆಟ್ ಸುತ್ತ ಗಾಳಿ ಆಡಲು ಜಾಗ ಬಿಡಿ. ಬಿಸಿ ವಾಲ್ವ್ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ನಿಮ್ಮ ಕಿವಿಯನ್ನೇ ಪರೀಕ್ಷಿಸಿ

ಎರಡು ಧ್ವನಿಗಳಲ್ಲಿ ತುಸು ಜೋರಾಗಿರುವುದೇ ನಮಗೆ 'ಚೆನ್ನಾಗಿದೆ' ಎನಿಸುತ್ತದೆ. ಹೊಸದಕ್ಕೆ ದುಡ್ಡು ಕೊಟ್ಟಿದ್ದರೆ ಕೇಳುವುದೇ ಬೇಡ! ಹಾಗಾಗಿ ಹೋಲಿಸುವಾಗ ಎರಡರ ಜೋರನ್ನೂ ಸಮ ಮಾಡಿಕೊಳ್ಳಿ. ಯಾವುದು ನುಡಿಯುತ್ತಿದೆ ಎಂದು ನಿಮಗೆ ತಿಳಿಯದಂತೆ ಮನೆಯವರಿಗೆ ಬದಲಿಸಲು ಹೇಳಿ. ಹತ್ತು ಸಲ ಕೇಳಿ ಊಹಿಸಿ. ಐದಾರು ಸಲ ಮಾತ್ರ ಸರಿಯಾದರೆ ಅದು ನಾಣ್ಯ ಚಿಮ್ಮಿದ ಹಾಗೆ.

1985ರಲ್ಲಿ ಅಮೆರಿಕದ ಎಂಜಿನಿಯರ್ ಬಾಬ್ ಕಾರ್ವರ್ 'ಸ್ಟೀರಿಯೋಫೈಲ್' ಪತ್ರಿಕೆಯವರಿಗೆ ಒಂದು ಸವಾಲು ಹಾಕಿದರು. ಅವರು ಆರಿಸಿದ ದುಬಾರಿ ವಾಲ್ವ್ ಆಂಪ್ಲಿಫೈಯರ್‌ನ ದನಿಯನ್ನು ತಮ್ಮ ಕಡಿಮೆ ಬೆಲೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್‌ನಲ್ಲಿ ತರುವುದಾಗಿ ಹೇಳಿದರು. ಎರಡಕ್ಕೂ ಒಂದೇ ಸಿಗ್ನಲ್ ಕೊಟ್ಟು, ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಅಳೆದು, ಅದು ಬಹುತೇಕ ಇಲ್ಲವಾಗುವವರೆಗೆ ತಮ್ಮ ಸೆಟ್ ತಿದ್ದಿದರು. ಕೊನೆಗೆ ಪತ್ರಿಕೆಯ ಅನುಭವಿ ಕಿವಿಗಳಿಗೂ ಎರಡನ್ನೂ ಬೇರೆ ಮಾಡಿ ಗುರುತಿಸಲಾಗಲಿಲ್ಲ. ವಾಲ್ವ್ ದನಿಯಲ್ಲಿ ಮಾಯೆ ಇಲ್ಲ, ಅಳೆಯಬಹುದಾದ ಕಾರಣಗಳಿವೆ ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಫಾರ್ವರ್ಡ್ ಮಾಡುವ ಮುನ್ನ

ವಾಲ್ವ್ ಆಂಪ್ಲಿಫೈಯರ್ ಇಷ್ಟವಾದರೆ ಸಂತೋಷದಿಂದ ಕೇಳಿ, ಅದರ ದನಿಗೆ ಅದರದೇ ಸೊಗಸಿದೆ. ಆದರೆ "ಮುಚ್ಚಳ ತೆಗೆದು ನೀವೇ ಮಾಡಿ" ಎನ್ನುವ ವಿಡಿಯೋ ಬಂದರೆ ಮುಂದಕ್ಕೆ ಕಳಿಸಬೇಡಿ. ಅಜ್ಜನ ಹಳೇ ರೇಡಿಯೋ ರಿಪೇರಿ ಮಾಡಲು ಹೊರಟ ಯಾವುದೋ ಮನೆಯ ಹುಡುಗನ ಫೋನಿಗೆ ಅದು ತಲುಪಬಹುದು. ಅವನಿಗೆ ಕಳಿಸುವುದಾದರೆ ಒಂದೇ ಸಾಲು ಸಾಕು: ಪ್ಲಗ್ ತೆಗೆದರೂ ವಾಲ್ವ್ ಸೆಟ್ ಒಳಗೆ ಕರೆಂಟ್ ಇರುತ್ತದೆ, ಕೈ ಹಾಕಬೇಡ.