ಚಾಲನಾ ಪರವಾನಗಿಯ ನವೀಕರಣ ಮತ್ತು ದಂಪತಿಗಳ ಗುರುತಿನ ಪತ್ರ

ಗರ್ಭಿಣಿಯನ್ನು ತಪಾಸಣೆಗೆ ಕರೆದೊಯ್ಯಲು, ಕೂಸಿಗೆ ಚುಚ್ಚುಮದ್ದು ಹಾಕಿಸಲು ಇಂದು ಅನೇಕ ಹಳ್ಳಿಗಳಲ್ಲಿ ಮನೆಯ ಮೋಟಾರು ಸೈಕಲ್ಲೇ ಆಧಾರ. (ಹೆರಿಗೆ ನೋವು ಆರಂಭವಾದ ಮೇಲೆ ಮಾತ್ರ 108ರ ವಾಹನವನ್ನು ಕರೆಯುವುದೇ ಕ್ಷೇಮ.) ಆದರೆ ಆ ವಾಹನವನ್ನು ನಡೆಸುವವರ ಚಾಲನಾ ಪರವಾನಗಿಯ, ಅಂದರೆ ಲೈಸೆನ್ಸಿನ, ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ಗಂಡನೂ ನೋಡಿರುವುದಿಲ್ಲ, ಹೆಂಡತಿಯೂ ನೋಡಿರುವುದಿಲ್ಲ.

ಕೊರೊನಾ ಸಾಂಕ್ರಾಮಿಕದ ಕಾಲದಲ್ಲಿ ಈ ಅಲಕ್ಷ್ಯವು ಅನೇಕರನ್ನು ಚಿಂತೆಗೀಡುಮಾಡಿತು. 2020ರ ಮಾರ್ಚ್ 25ರಿಂದ ದೇಶವೆಲ್ಲ ಸ್ತಬ್ಧವಾಯಿತು. ನವೀಕರಣಕ್ಕಾಗಿ ಕಚೇರಿಗೆ ಹೋಗುವಂತಿರಲಿಲ್ಲ. ಆಗ ಕೇಂದ್ರ ಸಾರಿಗೆ ಮಂತ್ರಾಲಯವು, ಆ ವರ್ಷದ ಫೆಬ್ರವರಿ 1ರ ನಂತರ ಅವಧಿ ಮುಗಿದ ಪರವಾನಗಿಗಳನ್ನು ಜೂನ್ 30ರವರೆಗೆ ಊರ್ಜಿತವೆಂದು ಪರಿಗಣಿಸಬೇಕೆಂದು ತಿಳಿಸಿತು. ಈ ರಿಯಾಯಿತಿಯನ್ನು ಹಲವು ಬಾರಿ ಮುಂದುವರಿಸಿ, ಕಡೆಗೆ 2021ರ ಅಕ್ಟೋಬರ್ 31ಕ್ಕೆ ಮುಕ್ತಾಯಗೊಳಿಸಲಾಯಿತು. ಅದು ಇನ್ನೂ ಜಾರಿಯಲ್ಲಿದೆ ಎಂದು ಯಾರಾದರೂ ಹೇಳಿದರೆ ನಂಬತಕ್ಕದ್ದಲ್ಲ.

2019ರಲ್ಲಿ ಕಾಯಿದೆಗೆ ತಂದ ತಿದ್ದುಪಡಿಯಂತೆ, ಅವಧಿ ಮುಗಿಯುವ ಒಂದು ವರ್ಷ ಮೊದಲಿನಿಂದ ಮುಗಿದ ಒಂದು ವರ್ಷದವರೆಗೆ ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ವರ್ಷ ಮೀರಿದರೆ ಚಾಲನಾ ಪರೀಕ್ಷೆಯಲ್ಲಿ ಮತ್ತೊಮ್ಮೆ ತೇರ್ಗಡೆಯಾಗಬೇಕು. ಆದರೆ ಒಂದು ವರ್ಷದ ಕಾಲಾವಕಾಶವಿದೆ ಎಂದಮಾತ್ರಕ್ಕೆ, ಅವಧಿ ಮುಗಿದ ಪತ್ರವಿಟ್ಟುಕೊಂಡು ವಾಹನ ನಡೆಸಬಹುದೆಂದು ಅರ್ಥವಲ್ಲ. ಅಂಥ ಸಮಯದಲ್ಲಿ ಅಪಘಾತವಾದರೆ ವಿಮೆಯ ಹಣಕ್ಕೂ ತಕರಾರು ಬರಬಹುದು. ಅದರ ಹೊರೆ ಹೊರಬೇಕಾದುದು ಇಡೀ ಸಂಸಾರ. ಈಗ 30 ವರ್ಷದೊಳಗೆ ಪರವಾನಗಿ ಪಡೆದವರಿಗೆ ಅದು 40 ತುಂಬುವವರೆಗೆ ನಡೆಯುತ್ತದೆ. ಹಳೆಯ ಪತ್ರಗಳ ಲೆಕ್ಕ ಬೇರೆ; ಆದುದರಿಂದ ನೆರೆಯವರ ಮಾತಿಗಿಂತ ನಿಮ್ಮ ಪತ್ರದ ಮೇಲೆ ಅಚ್ಚಾಗಿರುವ ದಿನಾಂಕವನ್ನೇ ಓದಿರಿ.

2021ರ ಮಾರ್ಚ್ ತಿಂಗಳಿನಿಂದ ಆಧಾರ್ ದೃಢೀಕರಣದ ಮೂಲಕ, ಕಚೇರಿಗೆ ಹೋಗದೆಯೇ ನವೀಕರಣ ಪಡೆಯುವ ಸೌಕರ್ಯವನ್ನು ಕಲ್ಪಿಸಲಾಗಿದೆ. ಇದಕ್ಕೆ ಆಧಾರಿನೊಡನೆ ನೋಂದಾಯಿಸಿದ ಮೊಬೈಲು ಸಂಖ್ಯೆ ಚಾಲ್ತಿಯಲ್ಲಿರಬೇಕು. ಮೊಬೈಲಿಗೆ ಬರುವ ಗುಪ್ತ ಸಂಖ್ಯೆಯನ್ನು, ದೂರವಾಣಿಯಲ್ಲಿ ಎಷ್ಟೇ ವಿನಯದಿಂದ ಕೇಳಿದರೂ, ಅಪರಿಚಿತರಿಗೆ ಹೇಳಬಾರದು. ಆಧಾರ್ ನೀಡಲು ಇಚ್ಛಿಸದವರು ಖುದ್ದಾಗಿ ಕಚೇರಿಗೆ ಹೋಗಬಹುದು.

ಚಾಲನಾ ಪರವಾನಗಿಯು ಗುರುತಿನ ಪತ್ರವೂ ಹೌದು. 2021ರಲ್ಲಿ ಕೊರೊನಾ ಲಸಿಕೆಗಾಗಿ ಒಪ್ಪಿದ ಭಾವಚಿತ್ರವುಳ್ಳ ಪತ್ರಗಳಲ್ಲಿ ಆಧಾರ್, ಮತದಾರರ ಚೀಟಿಗಳೊಡನೆ ಇದೂ ಸೇರಿತ್ತು. ಆದರೆ ಗಂಡನ ಪತ್ರದಿಂದ ಹೆಂಡತಿಯ ಗುರುತು ಸಿದ್ಧವಾಗುವುದಿಲ್ಲ. ಅನೇಕ ಮನೆಗಳಲ್ಲಿ ಪರವಾನಗಿ ಇರುವುದು ಗಂಡಸಿಗೆ ಮಾತ್ರ. ಹೆಣ್ಣುಮಕ್ಕಳ ಪತ್ರಗಳು ತವರಿನ ಪೆಟ್ಟಿಗೆಯಲ್ಲಿ ಉಳಿದಿರುತ್ತವೆ, ಇಲ್ಲವೆ ಒಂದರಲ್ಲಿ ತಂದೆಯ ಹೆಸರು, ಮತ್ತೊಂದರಲ್ಲಿ ಗಂಡನ ಹೆಸರು ಇರುತ್ತದೆ. ಯಾವ ಪತ್ರವೂ ಇಲ್ಲದವರಿಗೆ ಲಸಿಕೆ ನೀಡಲು 2021ರ ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಮಂತ್ರಾಲಯವು ಪ್ರತ್ಯೇಕ ಏರ್ಪಾಡು ಮಾಡಿತು. ಜುಲೈ 2ರಂದು ಗರ್ಭಿಣಿಯರಿಗೂ ಲಸಿಕೆಗೆ ಅನುಮತಿ ದೊರೆಯಿತು. ಏರ್ಪಾಡು ಇದ್ದಿತು, ನಿಜ. ಆದರೆ ಬಸಿರು ಹೊತ್ತವಳು ಸಾಲಿನಲ್ಲಿ ನಿಂತು ತಾನು ಯಾರೆಂದು ವಿವರಿಸಬೇಕಾದ ಪ್ರಸಂಗ ಬರುವುದಾದರೂ ಏಕೆ?

ಬಿಡುವಾದ ಒಂದು ಸಂಜೆ ದಂಪತಿಗಳಿಬ್ಬರೂ ಕುಳಿತು ತಮ್ಮ ತಮ್ಮ ಪತ್ರಗಳನ್ನು ತೆಗೆದು ನೋಡಿರಿ. ಹೆಸರು, ಹುಟ್ಟಿದ ದಿನಾಂಕಗಳಲ್ಲಿ ವ್ಯತ್ಯಾಸವಿದ್ದರೆ ಮೊದಲು ಒಂದನ್ನು ಸರಿಪಡಿಸಿ, ಉಳಿದವನ್ನು ಅದಕ್ಕೆ ಅನುಸಾರವಾಗಿ ತಿದ್ದಿಸಿಕೊಳ್ಳಿರಿ. ಹೆಂಡತಿಯ ಪತ್ರವು ತಾಯಿ ಕಾರ್ಡಿನ ಜೊತೆಯಲ್ಲಿ, ಅವಳ ಕೈಗೆ ಸಿಗುವ ಜಾಗದಲ್ಲಿ ಇರಲಿ. ಪರವಾನಗಿಯ ಕೊನೆಯ ದಿನಾಂಕವನ್ನು, ಮಗುವಿನ ಮುಂದಿನ ಚುಚ್ಚುಮದ್ದಿನ ದಿನವನ್ನು ಬರೆದಿಡುವ ಕಡೆಯಲ್ಲಿಯೇ ಬರೆದಿಡಿರಿ.